ಪೋವಿಕ್ ಸೇತುವೆಯ ಕಾಳಗವನ್ನು ಮೇಜಿನ ಮೇಲೆ ಕಟ್ಟಿದ್ದು ಹೀಗೆ

ಇಂಗ್ಲೆಂಡಿನ ಅಂತರ್ಯುದ್ಧ ಶುರುವಾಗಿ ಆಗಿನ್ನೂ ಒಂದು ತಿಂಗಳು. 1642ರ ಸೆಪ್ಟೆಂಬರ್ 23ರಂದು ವೂಸ್ಟರ್‌ನ ದಕ್ಷಿಣಕ್ಕೆ, ಟೀಮ್ ನದಿಯ ಪೋವಿಕ್ ಸೇತುವೆಯ ಬಳಿ, ರಾಜಪಕ್ಷ ಮತ್ತು ಪಾರ್ಲಿಮೆಂಟ್ ಪಕ್ಷದ ತಲಾ ಸುಮಾರು ಸಾವಿರ ಸವಾರರು ಎದುರಾದರು. ಕಾಲು ಗಂಟೆಯ ಜಗಳ. ಪುಟ್ಟ ಗೊಂಬೆ ಸೈನಿಕರನ್ನಿಟ್ಟು ಮೇಜಿನ ಮೇಲೆ ಯುದ್ಧ ಆಡುವ ಮಿನಿಯೇಚರ್ ಆಟಕ್ಕೆ ಇದಕ್ಕಿಂತ ಅಗ್ಗದ ಕಾಳಗ ಸಿಗುವುದು ಕಷ್ಟ. ಆದರೆ ಹೆಚ್ಚಿನವರು ಕುದುರೆಗಳಿಗೆ ಬಣ್ಣ ಬಳಿಯುವುದರಲ್ಲೇ ಮುಳುಗಿ, ಕಾಳಗವನ್ನು ನಿರ್ಧರಿಸಿದ ಸೇತುವೆಯ ಓಣಿಯನ್ನು ಕೆಡಿಸುತ್ತಾರೆ.

ನಾಲ್ಕಡಿ ಉದ್ದ, ಮೂರಡಿ ಅಗಲದ ಹಲಗೆ ಸಾಕು. 10 ಮಿ.ಮೀ. ಗೊಂಬೆ ಮೂರಿಟ್ಟ 30 ಮಿ.ಮೀ. ಪಟ್ಟಿ ಅಂದರೆ ಅರವತ್ತು ಸವಾರರ ಒಂದು ತುಕಡಿ. ಒಂದೊಂದು ಪಕ್ಷಕ್ಕೂ ಹದಿನಾರು ಪಟ್ಟಿ. ಸೇತುವೆಯಿಂದ ಉತ್ತರದ ವಿಕ್ ಬಯಲಿಗೆ ಹೋಗುವ ಓಣಿಯ ಅಗಲ 35 ಮಿ.ಮೀ. ಮೀರಕೂಡದು. 60 ಮಾಡಿದರೆ ಎರಡು ಪಟ್ಟಿ ಜೊತೆಯಾಗಿ ನುಗ್ಗುತ್ತವೆ, ಅಂದು ಗೆದ್ದ ರಾಜಪಕ್ಷದ ನಾಯಕ ರಾಜಕುಮಾರ ರೂಪರ್ಟ್ ಇಲ್ಲಿ ಸೋಲುತ್ತಾನೆ.

ಓಣಿಯ ಬದಿಯ ಬೇಲಿಗೆ ತೆಂಗಿನ ನಾರೇ ವಾಸಿ. ಬಿಡಿಸಿ, ಅರ್ಧ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ರಾತ್ರಿಯಿಡೀ ಒಣಗಿಸಿ, ಆಮೇಲೆ ಕತ್ತರಿಸಿ. ಹಸಿಯಿರುವಾಗಲೇ ಕತ್ತರಿಸಿದರೆ ಅಂಚು ಉದುರುತ್ತದೆ. ಎತ್ತರ ಗೊಂಬೆಯ ಎದೆಮಟ್ಟ: ಹಿಂದೆ ಅಡಗಿದ ರೂಪರ್ಟ್‌ನ ಡ್ರಗೂನ್‌ಗಳು (ಕುದುರೆಯ ಮೇಲೆ ಬಂದು ಇಳಿದು ಕಾದುವ ಬಂದೂಕುಧಾರಿಗಳು) ಗುಂಡು ಹಾರಿಸಬೇಕಲ್ಲ.

ಬಣ್ಣದ ಬಗ್ಗೆ ಒಂದೇ ಮಾತು. ಬಯಲಲ್ಲಿ ಸುಧಾರಿಸಿಕೊಳ್ಳುತ್ತಿದ್ದ ರಾಜಪಕ್ಷದ ಅನೇಕರು ಕವಚ ಕಳಚಿದ್ದರು. ಅವರಿಗೆ ಲೋಹದ ಬಣ್ಣ ಬೇಡ.

ನಿಯಮದಲ್ಲಿ ನಿಜವಾದ ತೊಡಕು ಇರುವುದು ಹೊಂಚಿನಲ್ಲಿ. ಓಣಿಯ ಬಾಯಲ್ಲಿ ಏನಿದೆಯೆಂದು ಪಾರ್ಲಿಮೆಂಟ್ ಪಕ್ಷದ ಕರ್ನಲ್ ಸ್ಯಾಂಡಿಸ್‌ಗೆ ಗೊತ್ತಿರಲಿಲ್ಲ, ಆಟಗಾರನಿಗೆ ಗೊತ್ತು! ಅವನು ಸೇತುವೆಯ ಮೇಲೇ ಕಾಯುತ್ತ ಕೂರುತ್ತಾನೆ. ಅದಕ್ಕೇ ಮೊದಲ ಮೂರು ಸರದಿ ಮುನ್ನಡೆ ಕಡ್ಡಾಯ, ಸರದಿಗೆ ಒಂದೇ ಪಟ್ಟಿ ಓಣಿಯಿಂದ ಹೊರಕ್ಕೆ, ಸಾಲುಗಟ್ಟಲು ಇನ್ನೊಂದು ಸರದಿ. ರೂಪರ್ಟ್‌ನ ಸವಾರರೂ ಕುದುರೆಯಿಂದ ಇಳಿದಿದ್ದವರೇ, ಹಾಗಾಗಿ ದಾಳದಲ್ಲಿ ನಾಲ್ಕೋ ಹೆಚ್ಚೋ ಬಿದ್ದ ಪಟ್ಟಿ ಮಾತ್ರ ಹತ್ತಿ ಹೊರಡುತ್ತದೆ. ಈ ದಾಳ ಬಿಟ್ಟರೆ ಆಟ ಎರಡೇ ಸರದಿಯಲ್ಲಿ ಮುಗಿದು ಹೋಗುತ್ತದೆ. ಪಾರ್ಲಿಮೆಂಟ್ ಪಕ್ಷದ ಫೈನ್ಸ್‌ನ ತುಕಡಿ ಮಾತ್ರ ಶತ್ರು ಹತ್ತಿರ ಬರುವವರೆಗೆ ಕಾದು ಗುಂಡು ಹಾರಿಸಿತು. ಅದೊಂದಕ್ಕೆ ಎರಡು ದಾಳ ಕೊಡಿ.

ಓಡುವ ಪಟ್ಟಿಗಳು ತಮ್ಮವರನ್ನು ದಾಟಿ ಹೋಗುವಂತಿಲ್ಲ, ತಳ್ಳಿಕೊಂಡೇ ಹೋಗಬೇಕು. ಪಾರ್ಲಿಮೆಂಟ್ ಪಕ್ಷದ ಕರ್ನಲ್ ಬ್ರೌನ್‌ನ ಡ್ರಗೂನ್‌ಗಳಿಗೆ ಮೂರು ಪಟ್ಟಿ ಮೀಸಲಿಟ್ಟು ಸೇತುವೆಯಲ್ಲಿ ನಿಲ್ಲಿಸಿ. ಹಿಮ್ಮೆಟ್ಟುವವರನ್ನು ಅಂದು ಕಾಪಾಡಿದವರು ಅವರೇ. ದಕ್ಷಿಣದ ದಡ ಸೇರಿದ ಪ್ರತಿ ಪಟ್ಟಿಗೆ ಪಾರ್ಲಿಮೆಂಟಿಗೆ ಒಂದು ಅಂಕ, ಎಂಟಾದರೆ ಆಟ ಸಮ.