ಅಧ್ಯಯನ ವರದಿ ಪತ್ರಿಕೆಯ ಪುಟ ಸೇರಬೇಕಾದರೆ: ನೀತಿ ಸಂಶೋಧನಾ ಸಂಸ್ಥೆಗಳಿಗೊಂದು ಕೈಪಿಡಿ

ಚಿಂತಕರ ಚಾವಡಿ ಎಂದು ಕನ್ನಡದಲ್ಲಿ ರೂಢಿಯಾಗಿರುವ ನೀತಿ ಸಂಶೋಧನಾ ಸಂಸ್ಥೆಗಳಲ್ಲಿ ವರದಿ ಅಚ್ಚಾಗಿ ಬಿಡುಗಡೆಯ ದಿನ ಗೊತ್ತಾದ ಮೇಲಷ್ಟೇ ಮಾಧ್ಯಮದವರ ನೆನಪಾಗುವುದು ವಾಡಿಕೆ. ಆಗ ಪತ್ರಿಕಾ ಪ್ರಕಟಣೆ ಬರೆಯುವ ಹೊಣೆ ಯಾರಾದರೊಬ್ಬ ಕಿರಿಯ ಸಂಶೋಧಕರ ಹೆಗಲಿಗೆ ಬೀಳುತ್ತದೆ. ಅವರು ಮುನ್ನುಡಿಯನ್ನೇ ಮೊಟಕುಗೊಳಿಸಿ ಕಳುಹಿಸುತ್ತಾರೆ. ಮರುದಿನದ ಪತ್ರಿಕೆಯಲ್ಲಿ ವರದಿ ಬಿಡುಗಡೆ ಮಾಡಿದ ಗಣ್ಯರ ಭಾವಚಿತ್ರ ಕಾಣಿಸುತ್ತದೆಯೇ ಹೊರತು ವರದಿಯ ತಿರುಳು ಕಾಣಿಸುವುದಿಲ್ಲ. ಹೀಗಾಗಬಾರದು ಎಂದಿದ್ದರೆ, ಅಧ್ಯಯನ ಮುಗಿದಾಗ ರಾಯಚೂರಿನ ಅಥವಾ ಕಾರವಾರದ ವರದಿಗಾರರಿಗೆ ತಮ್ಮ ಊರಿನ ಬಗ್ಗೆ ಬರೆಯಲು ಏನು ಸಿಗುತ್ತದೆ ಎಂಬ ಪ್ರಶ್ನೆಯನ್ನು ಪ್ರಶ್ನಾವಳಿ ಸಿದ್ಧಪಡಿಸುವ ಹಂತದಲ್ಲೇ ಕೇಳಿಕೊಳ್ಳಬೇಕು.

ಪ್ರಾದೇಶಿಕ ಅಸಮತೋಲನದ ಕುರಿತು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯನ್ನು ಗಮನಿಸಿ. ಅದು ಸರ್ಕಾರವೇ ನೇಮಿಸಿದ ಸಮಿತಿಯಾದರೂ ಈ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಷ್ಟೇ ಹೇಳಿ ಸಮಿತಿ ಸುಮ್ಮನಾಗಲಿಲ್ಲ. 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವಿಂಗಡಿಸಿ ತಾಲ್ಲೂಕುಗಳ ಹೆಸರನ್ನೂ ಕೊಟ್ಟಿತು. ಎರಡು ದಶಕ ಕಳೆದರೂ ಆ ಪಟ್ಟಿ ಸುದ್ದಿಯಲ್ಲಿ ಉಳಿದಿರುವುದಕ್ಕೆ, ಯಾವ ತಾಲ್ಲೂಕಿನ ವರದಿಗಾರರಾದರೂ ತಮ್ಮ ಊರನ್ನು ಅದರಲ್ಲಿ ಹುಡುಕಿ ನೋಡಬಹುದು ಎಂಬುದೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ.

ಎಲ್ಲ ಮನೆಗಳ ಬದಲು ಕೆಲವನ್ನಷ್ಟೇ ಆರಿಸಿಕೊಂಡು ಮಾದರಿ ಸಮೀಕ್ಷೆ ನಡೆಸುವವರು ಮಾತ್ರ ಇಲ್ಲಿ ಎಚ್ಚರ ವಹಿಸಬೇಕು. ಜಿಲ್ಲಾವಾರು ಅಂಕಿ ಕೊಡುವ ಆಸೆಯಿದ್ದರೆ ಅದಕ್ಕೆ ತಕ್ಕಷ್ಟು ಮನೆಗಳನ್ನು ಮೊದಲೇ ಆರಿಸಿಕೊಂಡಿರಬೇಕು. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ, ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯು ಪ್ರತಿ ಗ್ರಾಮೀಣ ಜಿಲ್ಲೆಯಲ್ಲಿ 30 ಹಳ್ಳಿ, ಹಳ್ಳಿಗೆ 20 ಮನೆ ಎಂದು ಲೆಕ್ಕ ಹಾಕಿಕೊಂಡು ಹೊರಡುತ್ತದೆ. ರಾಜ್ಯಮಟ್ಟಕ್ಕೆಂದು ತೆಗೆದ ಸಣ್ಣ ಮಾದರಿಯನ್ನು ಜಿಲ್ಲೆಗಳಿಗೆ ಹಂಚಿ ತೋರಿಸಿದರೆ ಒಂದು ದಿನದ ಸುದ್ದಿಯೇನೋ ಆಗುತ್ತದೆ, ಆದರೆ ಸಂಸ್ಥೆಯ ಮಾತಿಗೆ ಬೆಲೆ ಉಳಿಯುವುದಿಲ್ಲ.

ಪ್ರಕಟಣೆಯ ಮೊದಲ ವಾಕ್ಯಕ್ಕೆ ಉಳಿದೆಲ್ಲ ಪುಟಗಳಿಗೆ ಕೊಟ್ಟಷ್ಟು ಸಮಯ ಕೊಡುವುದು ತಪ್ಪಲ್ಲ. ‘ಪ್ರಾಥಮಿಕ ಹಂತದ ಕಲಿಕಾ ಫಲಿತಗಳಲ್ಲಿ ಗಣನೀಯ ಕುಸಿತ ದಾಖಲಾಗಿದೆ’ ಎಂದು ಬರೆದರೆ ಸುದ್ದಿಮನೆಯ ಡೆಸ್ಕಿನಲ್ಲಿ ಅದನ್ನು ಎರಡನೇ ಸಲ ಓದುವವರಿಲ್ಲ. ಅದೇ ಅಸರ್ 2022ರ ಅಂಶವನ್ನು ‘ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯಲ್ಲಿರುವ ಮಕ್ಕಳ ಪೈಕಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 42.8ರಷ್ಟು ಮಾತ್ರ; 2018ರಲ್ಲಿ ಇದು ಶೇ 50.5 ಇತ್ತು’ ಎಂದು ಬರೆದರೆ ಶೀರ್ಷಿಕೆ ತಾನಾಗಿಯೇ ಹುಟ್ಟುತ್ತದೆ. ಈ ವಾಕ್ಯದಲ್ಲಿ ‘ಹಳ್ಳಿಗಳಲ್ಲಿ’ ಎಂಬ ಮಿತಿ ಆರಂಭದಲ್ಲೇ ಬಂದಿರುವುದನ್ನೂ ಗಮನಿಸಬೇಕು. ಮಿತಿಗಳನ್ನು ಕೊನೆಯ ಪ್ಯಾರಾಕ್ಕೆ ತಳ್ಳಿದರೆ, ಜಾಗ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಅವುಗಳಿಗೇ.

ಒಂದೇ ದಿನ ಎಲ್ಲವನ್ನೂ ಹೇಳಿ ಮುಗಿಸಬೇಕೆಂಬ ನಿಯಮವೇನೂ ಇಲ್ಲ. 1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಸಂಗಡಿಗರು ವಿದ್ಯುತ್, ನೀರು ಮೊದಲಾದ ಸೇವೆಗಳನ್ನು ಒದಗಿಸುವ ಸಂಸ್ಥೆಗಳಿಗೆ ನಾಗರಿಕರಿಂದಲೇ ಅಂಕ ಹಾಕಿಸಿ ‘ರಿಪೋರ್ಟ್ ಕಾರ್ಡ್’ ಸಿದ್ಧಪಡಿಸಿದಾಗ, ಪ್ರಮುಖ ಇಂಗ್ಲಿಷ್ ಪತ್ರಿಕೆಯೊಂದು ವಾರಕ್ಕೊಂದು ಸಂಸ್ಥೆಯಂತೆ ಅದನ್ನು ಸರಣಿಯಾಗಿ ಪ್ರಕಟಿಸಿತು. ಈ ಕೆಲಸದಿಂದಲೇ 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ರೂಪುಗೊಂಡಿತು. 1999 ಮತ್ತು 2003ರಲ್ಲಿ ಸಮೀಕ್ಷೆ ಮರುಕಳಿಸಿದ್ದರಿಂದ ಹಿಂದಿನ ಅಂಕದೊಂದಿಗೆ ಹೋಲಿಸಿ ಬರೆಯುವ ಅವಕಾಶ ಪತ್ರಕರ್ತರಿಗೆ ದೊರೆಯಿತು. ಸುದ್ದಿಗೆ ಬೇಕಾದ ವಿಂಗಡಣೆ ಅಧ್ಯಯನದ ವಿನ್ಯಾಸದಲ್ಲೇ ಇತ್ತು.

ವೇಳೆಯ ವಿಷಯದಲ್ಲಿ ಚುನಾವಣಾ ಸುಧಾರಣೆಗಾಗಿ ದುಡಿಯುವ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್‌ನಿಂದ ಕಲಿಯುವುದು ಬಹಳಷ್ಟಿದೆ. ಅಭ್ಯರ್ಥಿಗಳ ಆಸ್ತಿ ಮತ್ತು ಕ್ರಿಮಿನಲ್ ಪ್ರಕರಣಗಳ ವಿವರ ಮತದಾರರಿಗೆ ತಿಳಿಯಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟ ಬಳಿಕ, ಆ ಸಂಸ್ಥೆ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು (ಅಫಿಡವಿಟ್) ವಿಶ್ಲೇಷಿಸಿ ಮತದಾನಕ್ಕೆ ಮುನ್ನವೇ ಹಂಚುತ್ತ ಬಂದಿದೆ. ಬಜೆಟ್ ಅಥವಾ ಮಸೂದೆಯ ಬಗ್ಗೆ ಬರೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಚರ್ಚೆ ಮುಗಿದ ವಾರದ ನಂತರ ಬಂದ ಅತ್ಯುತ್ತಮ ಟಿಪ್ಪಣಿಗಿಂತ ಚರ್ಚೆಯ ಹಿಂದಿನ ದಿನ ತಲುಪಿದ ಎರಡು ಪುಟ ಹೆಚ್ಚು ಉಪಯುಕ್ತ.

ಕನ್ನಡ ಪತ್ರಿಕೆಗಳಿಗೆ ಕಳುಹಿಸುವಾಗ ಇಂಗ್ಲಿಷ್ ಪ್ರಕಟಣೆಯನ್ನು ಕೊನೆಯ ಗಳಿಗೆಯಲ್ಲಿ ಅನುವಾದಿಸುವ ಬದಲು, ವಿಷಯ ಬಲ್ಲವರೇ ಕನ್ನಡದಲ್ಲಿ ಬರೆಯಬೇಕು. ಮಿಲಿಯನ್, ಬಿಲಿಯನ್‌ಗಳನ್ನು ಲಕ್ಷ, ಕೋಟಿಗೆ ಇಳಿಸಬೇಕು. ನಕ್ಷೆ ಮತ್ತು ಕೋಷ್ಟಕಗಳೊಳಗಿನ ಪದಗಳೂ ಕನ್ನಡದಲ್ಲಿರಬೇಕು. ಪಠ್ಯವನ್ನು ಚಿತ್ರದಂತಿರುವ ಪಿಡಿಎಫ್‌ನಲ್ಲಿ ಕಳುಹಿಸದೆ ಯೂನಿಕೋಡ್‌ನಲ್ಲಿ, ಇಮೇಲ್‌ನ ಒಡಲಿನಲ್ಲೇ ಕೊಡಬೇಕು. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಬಂದ ಪುಟ ತೆರೆದಾಗ ಅಕ್ಷರಗಳ ಬದಲು ಚಿತ್ರವಿಚಿತ್ರ ಚಿಹ್ನೆಗಳು ಕಂಡರೆ, ಸಂಜೆ ಏಳರ ಒತ್ತಡದಲ್ಲಿರುವ ಉಪಸಂಪಾದಕರು ಅದನ್ನು ಪರಿವರ್ತಿಸುತ್ತ ಕೂರುವುದಿಲ್ಲ. ಮುಂಗಡ ಪ್ರತಿ ಕೊಡುವುದಾದರೆ ಯಾವ ದಿನ, ಎಷ್ಟು ಗಂಟೆಯವರೆಗೆ ಪ್ರಕಟಿಸಬಾರದು ಎಂಬುದು ಮೊದಲ ಸಾಲಿನಲ್ಲೇ ಇರಲಿ, ಮತ್ತು ಆ ನಿಬಂಧನೆ ಎಲ್ಲ ಪತ್ರಿಕೆಗಳಿಗೂ ಒಂದೇ ಆಗಿರಲಿ. ಕನ್ನಡದಲ್ಲಿ ವಿವರಿಸಬಲ್ಲ ಸಂಶೋಧಕರೊಬ್ಬರು ಅಂದು ರಾತ್ರಿಯವರೆಗೂ ಫೋನಿಗೆ ಸಿಗುವಂತಿರಬೇಕು.

ಸಂಸ್ಥೆ ವಿವರಿಸುತ್ತಿದೆಯೋ ವಾದಿಸುತ್ತಿದೆಯೋ ಎಂಬುದನ್ನು ಮುಚ್ಚಿಡಬಾರದು. 2005ರಲ್ಲಿ ಆರಂಭವಾದ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಮಸೂದೆಗಳ ಸಾರವನ್ನು ಕೊಡುತ್ತದೆಯೇ ವಿನಾ ಬೆಂಬಲಿಸಿ ಎಂದಾಗಲಿ ವಿರೋಧಿಸಿ ಎಂದಾಗಲಿ ಹೇಳುವುದಿಲ್ಲ. ನಿರ್ದಿಷ್ಟ ನೀತಿಯ ಪರ ವಾದಿಸುವುದೂ ಗೌರವದ ಕೆಲಸವೇ. ಆದರೆ ಹಾಗೆಂದು ಹೇಳಿಕೊಳ್ಳಬೇಕು, ಅಧ್ಯಯನಕ್ಕೆ ಹಣ ಕೊಟ್ಟವರು ಯಾರೆಂಬುದನ್ನು ಪತ್ರಕರ್ತರು ಕೇಳುವ ಮೊದಲೇ ಪ್ರಕಟಣೆಯಲ್ಲಿ ನಮೂದಿಸಬೇಕು. ಟಿವಿ ಚರ್ಚೆಗೆ ಕರೆ ಬಂದಾಗ, ಅಧ್ಯಯನದ ವ್ಯಾಪ್ತಿಗೆ ಬಾರದ ವಿಷಯವಾದರೆ ಒಪ್ಪದಿರುವುದೇ ಮೇಲು.

ಪ್ರಕಟವಾದ ಸುದ್ದಿಯಲ್ಲಿ ಅಂಕಿ ತಪ್ಪಾಗಿದ್ದರೆ ಸಂಪಾದಕರಿಗೆ ದೂರು ಬರೆಯುವ ಮುನ್ನ ವರದಿಗಾರರಿಗೇ ಫೋನ್ ಮಾಡಿ ಪುಟಸಂಖ್ಯೆ ಸಹಿತ ತಿಳಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ತಪ್ಪು ವರದಿಯಲ್ಲೇ ಇದ್ದರೆ, ಪ್ರಕಟಣೆ ಯಾರಿಗೆಲ್ಲ ಹೋಗಿತ್ತೋ ಅವರೆಲ್ಲರಿಗೂ ಅಂದೇ ತಿದ್ದುಪಡಿ ಕಳುಹಿಸಿ, ಜಾಲತಾಣದ ಪ್ರತಿಯಲ್ಲಿ ತಿದ್ದಿದ ದಿನಾಂಕ ಮತ್ತು ಹಿಂದಿನ ಅಂಕಿ ಎರಡನ್ನೂ ಉಳಿಸಬೇಕು.