ಕಡಿಮೆ ಖರ್ಚಿನಲ್ಲಿ ಸ್ಟಾಕ್‌ಹೋಮ್: ನಾನು ಮಾಡಿಕೊಂಡ ಲೆಕ್ಕ

ಸ್ಟಾಕ್‌ಹೋಮ್‌ನಲ್ಲಿ ದುಡ್ಡು ಮೊದಲು ಸೋರುವುದು ವಿಮಾನ ನಿಲ್ದಾಣದಲ್ಲೇ. ಆರ್ಲಾಂಡಾ ನಿಲ್ದಾಣ ಇರುವುದು ಊರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿ. ಎಲ್ಲಿ ನೋಡಿದರೂ ಫಲಕ ಕಾಣುವ ಆರ್ಲಾಂಡಾ ಎಕ್ಸ್‌ಪ್ರೆಸ್ ರೈಲು ಇಪ್ಪತ್ತು ನಿಮಿಷದೊಳಗೆ ಊರಿಗೆ ತಲುಪಿಸುತ್ತದೆ, ಟಿಕೆಟ್ ಮಾತ್ರ ಮುನ್ನೂರು ಕ್ರೋನಾ ದಾಟುತ್ತದೆ. ಒಂದು ಕ್ರೋನಾಕ್ಕೆ ಒಂಬತ್ತು-ಹತ್ತು ರೂಪಾಯಿ ಎಂದು ಹಿಡಿಯಿರಿ. ಅಲ್ಲಿಂದಲೇ ಪೆಂಡೆಲ್‌ಟೋಗ್ ಎಂಬ ಲೋಕಲ್ ರೈಲೂ ಹೊರಡುತ್ತದೆ. ಆದರೆ ಆ ನಿಲ್ದಾಣದ ಗೇಟು ದಾಟಲು ರೈಲು ಟಿಕೆಟ್ ಸಾಲದು, ನೂರು ಕ್ರೋನಾ ಮೀರುವ ಬೇರೆ ಶುಲ್ಕವೊಂದಿದೆ. ಆ ಹಳಿಯನ್ನು ಖಾಸಗಿ ಪಾಲುದಾರಿಕೆಯಲ್ಲಿ ಕಟ್ಟಿದ್ದರಿಂದ ಬಂದ ಶುಲ್ಕ ಅದು. ವಾರದ ಪಾಸ್ ಇದ್ದರೂ ಕಟ್ಟಲೇಬೇಕು.

ಆದ್ದರಿಂದ ನಾನು ಹಿಡಿದದ್ದು 583ನೇ ನಂಬರಿನ ಬಸ್ಸು. ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮಾರ್ಸ್ಟಾ ಸ್ಟೇಷನ್ ಬರುತ್ತದೆ. ಅಲ್ಲಿ ಅದೇ ಪೆಂಡೆಲ್‌ಟೋಗ್ ಹತ್ತಿ ‘ಸ್ಟಾಕ್‌ಹೋಮ್ ಸಿಟಿ’ಯಲ್ಲಿ ಇಳಿದರೆ ಮೇಲೆಯೇ ಮೆಟ್ರೋದ ಕೇಂದ್ರ ನಿಲ್ದಾಣ ಟೆ-ಸೆಂಟ್ರಾಲೆನ್. ಒಟ್ಟು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. 2025ರ ದರದಲ್ಲಿ 75 ನಿಮಿಷದ ಒಂದು ಟಿಕೆಟ್‌ಗೆ 43 ಕ್ರೋನಾ, ಬಸ್ಸಿಗೂ ರೈಲಿಗೂ ಅದೇ. ಅಗ್ಗದ ವಿಮಾನ ಹುಡುಕುವವರು ಒಂದು ವಿಷಯ ಗಮನಿಸಬೇಕು: ‘ಸ್ಟಾಕ್‌ಹೋಮ್ ಸ್ಕಾವ್‌ಸ್ಟಾ’ ಎಂದು ಬರೆದಿದ್ದರೆ ಅದು ನೂರು ಕಿ.ಮೀ. ದೂರದ ಬೇರೆ ಊರು. ಉಳಿಸಿದ್ದರಲ್ಲಿ ಒಳ್ಳೆಯ ಪಾಲು ಬಸ್ಸಿಗೇ ಹೋಗುತ್ತದೆ.

ಊರೊಳಗೆ ಬಸ್ಸು, ಮೆಟ್ರೋ, ಟ್ರಾಮ್ ಎಲ್ಲಕ್ಕೂ ಎಸ್‌ಎಲ್ ಸಂಸ್ಥೆಯ ಒಂದೇ ಟಿಕೆಟ್. ಅದೇ ವರ್ಷದ ದರದಲ್ಲಿ 24 ಗಂಟೆಗೆ 180, 72 ಗಂಟೆಗೆ 360, ಏಳು ದಿನಕ್ಕೆ 470 ಕ್ರೋನಾ. ದಿನಕ್ಕೆ ಎರಡು ಸಲ ಮಾತ್ರ ಓಡಾಡುವವರಿಗೆ ಬಿಡಿ ಟಿಕೆಟ್ಟೇ ಲಾಭ. ನಾಲ್ಕು ದಿನ ಇರುವವರು ಮೂರು ದಿನದ್ದರ ಮೇಲೆ ಮತ್ತೊಂದು ದಿನದ್ದು ಕೊಳ್ಳುವ ಬದಲು ನೇರ ಏಳು ದಿನದ ಪಾಸ್ ತೆಗೆದುಕೊಳ್ಳಲಿ. ಸ್ಲೂಸೆನ್‌ನಿಂದ ಯೂರ್ಗೋರ್ಡನ್ ದ್ವೀಪಕ್ಕೆ ಹೋಗುವ 82ನೇ ನಂಬರಿನ ದೋಣಿಯೂ ಇದೇ ಟಿಕೆಟ್‌ನಲ್ಲಿ ಬರುತ್ತದೆ. ದಂಡೆಯಲ್ಲಿ ಮಾರುವ ಪ್ರವಾಸಿ ದೋಣಿಯ ಆಸೆ ಬಹುಪಾಲು ಅಲ್ಲೇ ತೀರುತ್ತದೆ.

ಇನ್ನು ಹಣ ಪಾವತಿ. ನೋಟು ಬದಲಾಯಿಸುವ ಗೋಜಿಗೇ ಹೋಗಬೇಡಿ, ‘ನಗದು ತೆಗೆದುಕೊಳ್ಳುವುದಿಲ್ಲ’ ಎಂಬ ಬೋರ್ಡು ಚಹಾ ಅಂಗಡಿಯಲ್ಲೂ ಇರುತ್ತದೆ. ನಮ್ಮ ಕಾರ್ಡುಗಳು ಕೈಕೊಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನೂ ಟ್ಯಾಪ್ ಪಾವತಿಯನ್ನೂ ಬೇರೆ ಬೇರೆಯಾಗಿ ಆನ್ ಮಾಡಬೇಕು. ಒಂದನ್ನು ಬಿಟ್ಟರೆ ಮೆಟ್ರೋ ಗೇಟು ತೆರೆಯುವುದಿಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ, ಎರಡು ಬ್ಯಾಂಕಿನದ್ದಾದರೆ ಇನ್ನೂ ಒಳ್ಳೆಯದು. ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಕ್ರೋನಾವನ್ನೇ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರದು, ನಷ್ಟ ನಮ್ಮದು. ಸಂತೆಯ ಸಣ್ಣ ವ್ಯಾಪಾರಿಗಳು ಕೇಳುವ ‘ಸ್ವಿಶ್’ ಎಂಬ ಮೊಬೈಲ್ ಪಾವತಿ ಆ್ಯಪ್ ಅಲ್ಲಿನ ಬ್ಯಾಂಕ್ ಖಾತೆ ಇದ್ದವರಿಗಷ್ಟೇ.

ಊಟದ ಗುಟ್ಟು ಮಧ್ಯಾಹ್ನದಲ್ಲಿದೆ. ವಾರದ ದಿನಗಳಲ್ಲಿ ಸುಮಾರು 11ರಿಂದ 2ರವರೆಗೆ ‘ದಾಗೆನ್ಸ್ ಲಂಚ್’ ಎಂಬ ಬೋರ್ಡು ನೋಡಿ. ಒಂದು ಮುಖ್ಯ ತಿನಿಸು, ಜೊತೆಗೆ ಸಾಮಾನ್ಯವಾಗಿ ಸಲಾಡ್, ಬ್ರೆಡ್, ನೀರು, ಕಾಫಿ ಎಲ್ಲ ಸೇರಿ ಒಂದೇ ಬೆಲೆ. ಅದೇ ಹೋಟೆಲಿನಲ್ಲಿ ರಾತ್ರಿ ಕೂತರೆ ಬಿಲ್ಲು ದುಪ್ಪಟ್ಟಾದರೂ ಅಚ್ಚರಿಯಿಲ್ಲ. ‘ವೆಗೆಟಾರಿಸ್ಕ್’ ಎಂಬ ಪದ ಹುಡುಕಿ, ಮೀನು ಹಾಕುತ್ತಾರೆಯೇ ಎಂದೂ ಕೇಳಿಕೊಳ್ಳಿ. ರಾತ್ರಿಗೆ ಅಡುಗೆಮನೆಯಿರುವ ಹಾಸ್ಟೆಲ್ ಇದ್ದರೆ ಗೆದ್ದಂತೆ. ವಿಲಿಸ್, ಲಿಡ್ಲ್ ಅಂಗಡಿಗಳಲ್ಲಿ ಅಕ್ಕಿ, ತರಕಾರಿ ಕೊಳ್ಳಬಹುದು. ‘ಫಿಲ್‌ಮ್ಯೋಲ್ಕ್’ ಎಂಬ ಹುಳಿ ಹಾಲು ಲೀಟರ್ ಪೆಟ್ಟಿಗೆಯಲ್ಲಿ ಸಿಗುತ್ತದೆ. ತೆಳು ಮೊಸರಿನಂತಿದ್ದು ಮೊಸರನ್ನಕ್ಕೆ ಚೆನ್ನಾಗಿ ಒಗ್ಗುತ್ತದೆ, ‘ನಾಟುರೆಲ್’ ಎಂದು ಬರೆದದ್ದನ್ನೇ ತೆಗೆದುಕೊಳ್ಳಿ, ಉಳಿದವು ಸಿಹಿ. ಪೆಟ್ಟಿಗೆ ಹಾಲಿನದರಂತೆಯೇ ಇರುವುದರಿಂದ ಕಾಫಿಗೆ ಸುರಿದು ಕೆಡಿಸಿಕೊಳ್ಳುವವರೂ ಉಂಟು. ಊರಿನಿಂದ ಒಗ್ಗರಣೆಗೆ ಒಣ ಸಾಸಿವೆ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಹಾಲಿನ ಪುಡಿ, ಹಸಿ ಕರಿಬೇವು ಬೇಡ, ಐರೋಪ್ಯ ಒಕ್ಕೂಟದ ನಿಯಮ ಬಿಡುವುದಿಲ್ಲ. ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ, ಬಾಟಲಿ ಕೊಳ್ಳುವುದು ಶುದ್ಧ ದಂಡ.

ಹಾಸ್ಟೆಲ್ ದರ ಹೋಲಿಸುವಾಗ ಹೊದಿಕೆಯ ಬಾಡಿಗೆ ಸೇರಿದೆಯೇ ನೋಡಿ. ಹಲವು ಕಡೆ ಬೆಡ್‌ಶೀಟ್, ಟವಲ್‌ಗೆ ಬೇರೆ ದುಡ್ಡು. ಸ್ವಂತದ್ದು ಒಯ್ದರೆ ಉಳಿತಾಯ, ಆದರೆ ಮಲಗುವ ಚೀಲವನ್ನು ಕೆಲವರು ಒಪ್ಪುವುದಿಲ್ಲ.

ನೋಡುವುದಕ್ಕೆ ಒಂದೇ ಒಂದು ಟಿಕೆಟ್ ಕೊಳ್ಳುವುದಾದರೆ ವಾಸಾ ಮ್ಯೂಸಿಯಂ. 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿ, 1961ರಲ್ಲಿ ಮೇಲೆತ್ತಿದ ಹಡಗು ಇಡಿಯಾಗಿ ಎದುರಿಗಿರುತ್ತದೆ. ಅಲ್ಲಿ ಉಳಿತಾಯ ಮಾಡಬೇಡಿ. ಉಳಿದಂತೆ ಸ್ಲೂಸೆನ್ ಬಳಿಯ ನಗರ ಮ್ಯೂಸಿಯಂ ಉಚಿತ. ಹಸಿರು ಮಾರ್ಗದ ಮೆಟ್ರೋದಲ್ಲಿ ಸಿಗುವ ಸ್ಕೂಗ್‌ಶ್ಯುರ್ಕೋಗೋರ್ಡನ್ ಸ್ಮಶಾನವನಕ್ಕೂ ಪ್ರವೇಶ ಶುಲ್ಕವಿಲ್ಲ, ಅದು ಯುನೆಸ್ಕೋ ಪಟ್ಟಿಯಲ್ಲಿದೆ. ನೀಲಿ ಮಾರ್ಗದಲ್ಲಿ ಬಂಡೆಯೊಳಗೇ ಬಣ್ಣ ಬಳಿದ ಕುಂಗ್‌ಸ್ಟ್ರೇಡ್‌ಗೋರ್ಡನ್, ಟೆ-ಸೆಂಟ್ರಾಲೆನ್, ಸೂಲ್ನಾ ಸೆಂಟ್ರುಮ್ ನಿಲ್ದಾಣಗಳನ್ನು 75 ನಿಮಿಷದ ಒಂದೇ ಟಿಕೆಟ್‌ನಲ್ಲಿ ಇಳಿದು ಹತ್ತಿ ನೋಡಬಹುದು. ಆಫೀಸು ಬಿಡುವ ಹೊತ್ತು ಮಾತ್ರ ಬೇಡ.