ಥರ್ಮೊಪಿಲಿ ಮಾದರಿ ಕಟ್ಟಿದ ನನ್ನ ಅನುಭವ

ಹಾಯಿಹಡಗಿನ ಮಾದರಿ ಮಾಡಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಮರ ಕೊಯ್ಯುವ ಮುಂಚೆ ವರ್ಷ ಆರಿಸಿಕೊಳ್ಳಿ. ಒಂದೇ ಹಡಗು ಕಾಲಕಾಲಕ್ಕೆ ರೂಪ ಬದಲಿಸಿರುತ್ತದೆ. ನನ್ನ ಥರ್ಮೊಪಿಲಿಗೆ ನಾನು ಆರಿಸಿದ್ದು 1872.

ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ 1868ರಲ್ಲಿ ಕಟ್ಟಿದ ಹಡಗು ಇದು. ಚೀನಾದ ಚಹಾ ಲಂಡನ್ನಿಗೆ ಬೇಗ ತರಬೇಕು, ಅದೇ ಗುರಿ. ಕಬ್ಬಿಣದ ಚೌಕಟ್ಟು, ಮೇಲೆ ಮರದ ಹಲಗೆ. ಮೊದಲ ಯಾನದಲ್ಲೇ 63 ದಿನಕ್ಕೆ ಮೆಲ್ಬರ್ನ್ ಮುಟ್ಟಿತು. 1872ರಲ್ಲಿ ಕಟಿ ಸಾರ್ಕ್ ಎಂಬ ಇನ್ನೊಂದು ಚಹಾ ಹಡಗಿನ ಜೊತೆ ಶಾಂಘೈ ಬಿಟ್ಟು, ಏಳು ದಿನ ಮೊದಲೇ ಲಂಡನ್ ಸೇರಿತು. ದಾರಿಯಲ್ಲಿ ಕಟಿ ಸಾರ್ಕ್‌ನ ಚುಕ್ಕಾಣಿ ಕಳಚಿಹೋಗಿತ್ತು, ಅದನ್ನೂ ಹೇಳಬೇಕಲ್ವಾ.

1:96 ಅಳತೆಯಲ್ಲಿ 212 ಅಡಿಯ ಒಡಲು ಸುಮಾರು 67 ಸೆಂ.ಮೀ. ಬರುತ್ತದೆ. ಮರದ ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ ಬಗ್ಗಿಸಿದೆ. ಒಡಲು ಹಸಿರು, ಕಂಬಗಳು ಬಿಳಿ. ಜಾಸ್ತಿ ಸಮಯ ಹಿಡಿದದ್ದು ಹಾಯಿ ಕಟ್ಟುವ ಅಡ್ಡಮರಗಳು. ಅವು ನಡುವೆ ದಪ್ಪ, ತುದಿಗೆ ಸಣ್ಣ. ಬಿದಿರುಕಡ್ಡಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿ. ಉಪ್ಪುಕಾಗದವನ್ನು ಮಡಚಿ ಹಿಡಿದು, ನಡುವಿನಿಂದ ತುದಿಗೆ ಮೆಲ್ಲಗೆ ಎಳೆಯಿರಿ. ಆಮೇಲೆ ಕಡ್ಡಿ ತಿರುವಿ ಹಾಕಿ, ಇನ್ನೊಂದು ತುದಿ. ಹಗ್ಗಕ್ಕೆ ಹತ್ತಿಯ ದಾರ ಸಾಕು. ಮೊದಲು ಜೇನುಮೇಣದ ಮೇಲೆ ಎಳೆಯಿರಿ, ಜುಂಗು ಕೂರುತ್ತದೆ. ಸುಮ್ನೆ ಹಾಗೇ ಕಟ್ಟಿದರೆ ಧೂಳು ಅಂಟುತ್ತದೆ.

ನಡುಗಂಬದ ತುದಿಗೆ ಚಿನ್ನದ ಬಣ್ಣದ ಹುಂಜ. ವೇಗದಲ್ಲಿ ತಮಗೆ ಸಾಟಿಯಿಲ್ಲ ಅಂತ ಹಡಗಿನವರು ಏರಿಸಿದ್ದು. ಹಿತ್ತಾಳೆ ತಂತಿ ಬಗ್ಗಿಸಿ, ಎಂ-ಸೀಲ್ ಮೆತ್ತಿ, ಸೂಜಿಯಲ್ಲಿ ಗರಿ ಗೀರಿದೆ. ಇಡೀ ಮಾದರಿಯಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಇದು.

ಆಮೇಲಿನ ಕತೆ ಓದಿದಾಗಲೆಲ್ಲ ಸಂಕಟವಾಗುತ್ತದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದಿತ್ತು. ಬರಬರುತ್ತಾ ಚಹಾ ಆ ಹತ್ತಿರದ ದಾರಿ ಹಿಡಿದ ಉಗಿಹಡಗುಗಳ ಪಾಲಾಯಿತು. ಥರ್ಮೊಪಿಲಿ 1890ರಲ್ಲಿ ಕೆನಡಾದವರಿಗೆ ಮಾರಾಟವಾಗಿ ಅಕ್ಕಿ ಹೊತ್ತಿತು. 1892ರಲ್ಲಿ ಹಿಂದಿನ ಕಂಬದ ಅಡ್ಡಮರಗಳನ್ನು ತೆಗೆದರು. ಮುಂದೆ ಪೋರ್ಚುಗಲ್ ನೌಕಾಪಡೆ ಕೊಂಡು ಪೆದ್ರೊ ನುನೆಸ್ ಎಂದು ಹೆಸರಿಟ್ಟಿತು. 1907ರ ಅಕ್ಟೋಬರ್ 13ರಂದು ಅವರೇ ಪೋರ್ಚುಗಲ್ಲಿನ ಕಾಸ್ಕಾಯಿಸ್ ಊರಿನ ಹತ್ತಿರ ಟಾರ್ಪೆಡೊ ಹೊಡೆದು ಮುಳುಗಿಸಿದರು. ಅಂಥ ಹಡಗನ್ನು ಉಳಿಸಿಕೊಳ್ಳಬೇಕಿತ್ತು. 2003ರಲ್ಲಿ ಮುಳುಗುಗಾರರಿಗೆ ಅವಶೇಷ ಸಿಕ್ಕಿತು.

ಅಕ್ಕಿ ಹೊತ್ತ ಕಾಲದ, ಅಂದರೆ 1892ರ ನಂತರದ ಮಾದರಿಯೇ ಬೇಕೆಂದರೆ ಕೆಲಸ ಸ್ವಲ್ಪ ಹಗುರ. ಹಿಂದಿನ ಕಂಬಕ್ಕೆ ಅಡ್ಡಮರ ಬೇಡ, ಹಡಗಿನ ಉದ್ದಕ್ಕೆ ಹಾಯಿ ಕಟ್ಟಿದರಾಯಿತು. ಮೊದಲ ಸಲ ಕೈ ಹಾಕುವವರು ಅಲ್ಲಿಂದಲೇ ಶುರು ಮಾಡಬಹುದು.